ಪ್ಲಾಟಿಗೆ ರೊಕ್ಕ ಕಟ್ಟುವ ಮೊದಲು ನನ್ನದೇ ವಕೀಲರನ್ನು ಹಿಡಿದೆ

ಪ್ರಾಥಮಿಕ ಶಾಲೆಯ ಕೆಲಸದಿಂದ ನಿವೃತ್ತಿಯಾಗಿ ಗ್ರಾಚ್ಯುಟಿ ಹಣ ಬ್ಯಾಂಕಿಗೆ ಬಂದಿತ್ತು. ಅದನ್ನು ಎಲ್ಲಿ ಇಡಬೇಕು ಅಂತ ಯೋಚಿಸುವಷ್ಟರಲ್ಲಿ ಪ್ಲಾಟಿನವರು ಮನೆಗೆ ಬಂದರು. ಧಾರವಾಡದಲ್ಲಿ ನಿವೃತ್ತರ ಮನೆ ಹುಡುಕುವುದು ಇವರಿಗೇನೂ ಕಷ್ಟವಲ್ಲ. ಬಂದವನು ನನ್ನ ಹಳೆಯ ವಿದ್ಯಾರ್ಥಿ. ಒಳ್ಳೆಯ ಹುಡುಗ. ಅವನ ಮೇಲೆ ನನಗೆ ಆಗಲೂ ಪ್ರೀತಿ ಇತ್ತು, ಈಗಲೂ ಇದೆ.

ಹುಬ್ಬಳ್ಳಿಯಿಂದ ಗದಗ ಕಡೆ ಹೋಗುವ ದಾರಿಯಲ್ಲಿ ಜಮೀನು. ಈಗ ಐದು ಲಕ್ಷ ಕಟ್ಟಿದರೆ ಲೇಔಟ್ ಆದ ಮೇಲೆ ಪ್ಲಾಟ್. ಪ್ಲಾಟ್ ಬೇಡ ಅಂದರೆ ಮೂರು ವರ್ಷಕ್ಕೆ ಹತ್ತು ಲಕ್ಷ ವಾಪಸ್. ಜೊತೆಗೆ ಬಣ್ಣಬಣ್ಣದ ನಕ್ಷೆ, ಒಂದು ದಪ್ಪ ಫೈಲು. ಫೈಲಿನಲ್ಲಿ ವಕೀಲರ ಲೀಗಲ್ ಒಪಿನಿಯನ್ ಕೂಡ ಇತ್ತು.

ಆ ಒಪಿನಿಯನ್ನನ್ನು ನಾನು ಕೂತು ಓದಿದೆ. ಮೇಲೆ 'ಇವರಿಗೆ' ಅನ್ನುವಲ್ಲಿ ಕಂಪನಿಯ ಹೆಸರಿತ್ತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ತಮಗೆ ಕೊಟ್ಟ ಝೆರಾಕ್ಸ್ ಪ್ರತಿಗಳನ್ನಷ್ಟೇ ನೋಡಿ ಬರೆದಿದ್ದು ಅಂತ ಇತ್ತು. ಅಂದರೆ ಆ ವಕೀಲರು ಕಂಪನಿಗೆ ಉತ್ತರ ಕೊಟ್ಟಿದ್ದಾರೆ, ನನಗಲ್ಲ. ನಾಳೆ ಏನಾದರೂ ಆದರೆ ಅವರನ್ನು ಕೇಳುವ ಹಕ್ಕು ನನಗೆಲ್ಲಿದೆ?

"ಅಕ್ಕೋರ, ನಮ್ಮ ವಕೀಲರು ಎಲ್ಲಾ ನೋಡ್ಯಾರ್ರೀ. ನೀವ್ ಮತ್ತ ಯಾಕ ರೊಕ್ಕ ಖರ್ಚ್ ಮಾಡ್ತೀರಿ?" ಅಂದ ಹುಡುಗ. ಈ ಮಾತು ಯಾರ ಬಾಯಿಂದ ಬಂದರೂ ಅಲ್ಲಿಗೆ ನಿಂತುಬಿಡಬೇಕು ಅಂತ ನನ್ನ ಅಭಿಪ್ರಾಯ. ಕಾಗದ ಸರಿ ಇದ್ದವರಿಗೆ ಇನ್ನೊಬ್ಬರು ನೋಡಿದರೆ ಏನು ತೊಂದರೆ?

ವಕೀಲರನ್ನು ಹುಡುಕುವಾಗ ಒಂದು ವಿಷಯದಲ್ಲಿ ಹಟ ಹಿಡಿದೆ: ಏಜೆಂಟ್ ಹೇಳಿದವರು ಬೇಡ, ಜಮೀನಿನ ದಲಾಲಿಗೆ ಸಂಬಂಧ ಇದ್ದವರು ಬೇಡ. ಧಾರವಾಡ ಕೋರ್ಟಿನಲ್ಲಿ ಹೊಲ-ಮನೆಯ ದಾವೆಗಳನ್ನೇ ನಡೆಸುವ ಒಬ್ಬ ಹಿರಿಯರು ಸಿಕ್ಕರು. ಮೊದಲೇ ಮುಖ ನೋಡಿ ಕೇಳಿದೆ: ಈ ಕಂಪನಿಯ ಕೆಲಸ ಎಂದಾದರೂ ಮಾಡಿದ್ದೀರಾ? ನಾನು ಪ್ಲಾಟ್ ತಗೊಂಡರೆ ನಿಮಗೇನಾದರೂ ಬರುತ್ತದಾ? ಕೇಳೋಕೆ ಸಂಕೋಚ ಆಗುತ್ತದೆ, ನಿಜ. ಅವರು ಬೇಸರ ಮಾಡಿಕೊಳ್ಳಲಿಲ್ಲ. ತಗೊಂಡರೂ ಬಿಟ್ಟರೂ ಫೀ ಒಂದೇ ಅಂತ ಮೊದಲೇ ಮಾತಾಯಿತು. ಅಭಿಪ್ರಾಯವನ್ನು ನನ್ನ ಹೆಸರಿಗೆ, ಬರವಣಿಗೆಯಲ್ಲಿ ಕೊಡಬೇಕು ಅಂತಲೂ ಕೇಳಿಕೊಂಡೆ.

ಅವರು ಕಂಪನಿಯ ಫೈಲನ್ನು ಪಕ್ಕಕ್ಕಿಟ್ಟು, "ಸರ್ವೆ ನಂಬರ್ ಒಂದ್ ಕೊಡ್ರಿ ಸಾಕು" ಅಂದರು. ಉತಾರ (ಪಹಣಿ), ಹಳೆಯ ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಎಲ್ಲವನ್ನೂ ಹೊಸದಾಗಿ ತೆಗೆಸಿದರು. ಇದು ನನಗೆ ಬಹಳ ಹಿಡಿಸಿತು. ಮಾರುವವರು ಕೊಟ್ಟ ಕಾಗದದಲ್ಲಿ ಅವರಿಗೆ ಬೇಕಾದ ಹಾಳೆಗಳು ಮಾತ್ರ ಇರುತ್ತವೆ ಅಲ್ವಾ.

ಉತಾರದ 9ನೇ ಕಾಲಮ್ಮಿನಲ್ಲಿ ಕಂಪನಿಯ ಹೆಸರೇ ಇಲ್ಲ. ಜಮೀನು ಇನ್ನೂ ಇಬ್ಬರು ಅಣ್ಣತಮ್ಮಂದಿರ ಹೆಸರಿನಲ್ಲಿತ್ತು. 11ನೇ ಕಾಲಮ್ಮಿನಲ್ಲಿ ಸೊಸೈಟಿಯ ಬೆಳೆಸಾಲದ ಬೋಜಾ. ಕಂಪನಿ ಖರೀದಿಯನ್ನೇ ಮಾಡಿರಲಿಲ್ಲ. ಬಾಂಡ್ ಪೇಪರ್ ಮೇಲೆ ಒಂದು ಸಂಚಕಾರ ಪತ್ರ (ಮುಂಗಡ ಕೊಟ್ಟು ಮಾಡಿಕೊಂಡ ಖರೀದಿ ಕರಾರು), ಒಂದು ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ), ಅಷ್ಟೇ. ಬರೀ ಜಿಪಿಎ, ಕರಾರು ಪತ್ರದಿಂದ ಮಾಲೀಕತ್ವ ಕೈ ಬದಲಾಗುವುದಿಲ್ಲ, ನೋಂದಾಯಿತ ಖರೀದಿ ಪತ್ರವೇ ಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ದೊಡ್ಡ ತೊಡಕು ಇನ್ನೊಂದಿತ್ತು. ತಂದೆ ತೀರಿದ ಮೇಲೆ ವಾರಸಾ (ವಾರಸುದಾರರ ಹೆಸರು ದಾಖಲಾಗುವುದು) ಆಗಿದ್ದು ಗಂಡುಮಕ್ಕಳ ಹೆಸರಿಗೆ ಮಾತ್ರ. ವಂಶಾವಳಿ ತೆಗೆಸಿದಾಗ ಮೂವರು ಹೆಣ್ಣುಮಕ್ಕಳು ಇರುವುದು ಗೊತ್ತಾಯಿತು. ವಕೀಲರು ಕೋರ್ಟಿನ ಕೇಸುಗಳನ್ನು ತೋರಿಸುವ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಅಣ್ಣತಮ್ಮಂದಿರ ಹೆಸರು ಹಾಕಿ ಹುಡುಕಿದರೆ ವಾಟ್ನಿ ದಾವೆ (ಆಸ್ತಿಯಲ್ಲಿ ಪಾಲು ಕೇಳುವ ಕೇಸು) ಸಿಕ್ಕಿತು, ಅಕ್ಕತಂಗಿಯರೇ ಹಾಕಿದ್ದು. ಇಸಿಯಲ್ಲಿ ಇದರ ಸುಳಿವೇ ಇರಲಿಲ್ಲ. ನೋಂದಣಿಯಾದ ವ್ಯವಹಾರ ಮಾತ್ರ ಇಸಿಗೆ ಬರುತ್ತದೆ. ಕೋರ್ಟಿನ ಕೇಸು ತಾನಾಗಿ ಬರುವುದಿಲ್ಲ. 'ಇಸಿ ಕ್ಲಿಯರ್ ಇದೆ' ಅನ್ನುವ ಮಾತನ್ನು ನಾವೆಲ್ಲ ಎಷ್ಟು ನಂಬಿಕೊಂಡಿದ್ದೇವೆ! "ಉತಾರದಾಗ ಹೆಸರಿಲ್ಲ ಅಂದ್ರ ಹಕ್ಕಿಲ್ಲ ಅಂತಲ್ರಿ ಅಕ್ಕೋರ" ಅಂದರು ವಕೀಲರು. ಆ ಹೆಣ್ಣುಮಕ್ಕಳ ಪಾಲಿನ ಮೇಲೆ ನನ್ನ ಮನೆ ಕಟ್ಟಲು ನನಗಂತೂ ಮನಸ್ಸು ಬರುತ್ತಿರಲಿಲ್ಲ.

ಉಳಿದದ್ದು ಬೇಗ ಮುಗಿಯಿತು. ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿಲ್ಲ, ಲೇಔಟಿಗೆ ಅನುಮೋದನೆ ಇಲ್ಲ. ಫೈಲಿನಲ್ಲಿದ್ದದ್ದು ಅರ್ಜಿ ಕೊಟ್ಟ ಸ್ವೀಕೃತಿ ಮಾತ್ರ. ರೇರಾ, ಅಂದರೆ ಮನೆ-ಪ್ಲಾಟ್ ಯೋಜನೆಗಳನ್ನು ನಿಯಂತ್ರಿಸುವ ಪ್ರಾಧಿಕಾರದ ನೋಂದಣಿಯೂ ಇಲ್ಲ. 500 ಚದರ ಮೀಟರ್ ದಾಟಿದ ಲೇಔಟನ್ನು ರೇರಾದಲ್ಲಿ ನೋಂದಾಯಿಸದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತಗೊಳ್ಳುವಂತಿಲ್ಲ. ನೋಂದಣಿ ಆದರೂ ಕರಾರು ಪತ್ರ ನೋಂದಾಯಿಸುವ ಮೊದಲು ಬೆಲೆಯ ಶೇ. 10ಕ್ಕಿಂತ ಜಾಸ್ತಿ ಕೇಳುವಂತಿಲ್ಲ. ನೋಂದಣಿ ಆಗಿದೆಯಾ ಅನ್ನುವುದನ್ನು ರೇರಾ ಜಾಲತಾಣದಲ್ಲಿ ನಾವೇ ನೋಡಬಹುದು, ವಕೀಲರೂ ಬೇಕಿಲ್ಲ.

ಇನ್ನು ಆ 'ಮೂರು ವರ್ಷಕ್ಕೆ ದುಪ್ಪಟ್ಟು'. ಲೆಕ್ಕ ಹಾಕಿದೆ, ವರ್ಷಕ್ಕೆ ಸುಮಾರು ಶೇ. 26 ಬಡ್ಡಿ ಆಗುತ್ತದೆ. ಇಂಥ ಮಾತು ಕೊಟ್ಟು ಹಣ ಎತ್ತಿದರೆ ಅದು ಪ್ಲಾಟಿನ ವ್ಯಾಪಾರ ಅಲ್ಲ, ಠೇವಣಿ ಎತ್ತಿದ ಹಾಗೆ ಅಂತ ವಕೀಲರು ಬಿಡಿಸಿ ಹೇಳಿದರು. ಅನುಮತಿ ಇಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ 2019ರಲ್ಲೇ ಬಂದಿದೆ.

ಹುಡುಗನನ್ನು ಮನೆಗೆ ಕರೆದು, ಚಹಾ ಕೊಟ್ಟು, ವಕೀಲರ ಪತ್ರ ಓದಲು ಕೊಟ್ಟೆ. ಕಮಿಷನ್ನಿಗೆ ದುಡಿಯುವ ಅವನಿಗೆ ದಾವೆಯ ವಿಷಯ ಯಾರೂ ಹೇಳಿರಲಿಲ್ಲ. ಅವನ ಅತ್ತೆಯೂ ಹಣ ಕಟ್ಟಿದ್ದಾರಂತೆ. ಅವರ ರಸೀದಿ, ಕರಾರು ಪತ್ರ ಎಲ್ಲ ತಗೊಂಡು ವಕೀಲರ ಹತ್ತಿರ ಹೋಗು ಅಂದೆ.

ವಕೀಲರಿಗೆ ಕೊಡಲು ಹಣ ಎಲ್ಲಿದೆ ಅಂತ ಕೇಳುವವರಿಗೆ ಒಂದು ಮಾತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಲಹೆ ಉಚಿತವಾಗಿ ಸಿಗುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯೂ ಇಲ್ಲ. ಸಹಾಯವಾಣಿ 15100. ನನ್ನ ಜೊತೆ ನಿವೃತ್ತರಾದ ಒಬ್ಬ ಅಕ್ಕೋರು ಕುಸುಗಲ್ ರಸ್ತೆಯ ಒಂದು ಪ್ಲಾಟಿಗೆ ಮುಂಗಡ ಕೊಡಲು ಹೊರಟಿದ್ದರು. ಅವರನ್ನು ಅಲ್ಲಿಗೇ ಕರೆದುಕೊಂಡು ಹೋಗಿದ್ದೆ. ಉತಾರ ಸಿಕ್ಕಿದೆ, ವಂಶಾವಳಿ ಇನ್ನೂ ಬರಬೇಕು. ಅದು ಬರುವ ತನಕ ಮುಂಗಡ ಕೊಡಲ್ಲ ಅಂತ ಅವರೇ ಮಾಲಕರಿಗೆ ಫೋನ್ ಮಾಡಿ ಹೇಳಿದ್ದಾರೆ.