ದ್ವೇಷಾಪರಾಧದ ದೂರು: ಮೊದಲ ಹೇಳಿಕೆಯಲ್ಲೇ ಉದ್ದೇಶ ದಾಖಲಾಗಲಿ

ಜಾತಿ, ಧರ್ಮ, ಭಾಷೆಯಂಥ ಗುರುತಿನ ಮೇಲಿನ ದ್ವೇಷದಿಂದ ನಡೆದ ಅಪರಾಧದ ಪ್ರಕರಣಗಳು ಬಹಳಷ್ಟು ಸಲ ಠಾಣೆಯ ಮೇಜಿನ ಮೇಲೇ ಸೋಲುತ್ತವೆ: ಹೊಡೆತ ದಾಖಲಾಗುತ್ತದೆ, ಹೊಡೆದ ಕಾರಣ ದಾಖಲಾಗುವುದಿಲ್ಲ. ಪೊಲೀಸರಾಗಿ ನೀವು ಹೇಳಿಕೆ ಪಡೆಯುವಾಗ, ದಾಳಿಕೋರ ಆಡಿದ ಬೈಗುಳವನ್ನು ಅದೇ ಭಾಷೆಯಲ್ಲಿ, ಅಕ್ಷರಶಃ ಬರೆದುಕೊಳ್ಳಿ. ‘ಅವಾಚ್ಯ ಶಬ್ದಗಳಿಂದ ನಿಂದಿಸಿದ’ ಎಂದು ಬರೆದರೆ ಉದ್ದೇಶದ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಆ ಮಾತು ಬಂದದ್ದು ಹೊಡೆತಕ್ಕೆ ಮೊದಲೋ, ನಂತರವೋ ಎಂಬುದೂ ಬೇಕು. ‘ನಿಮ್ಮನ್ನೇ ಏಕೆ ಗುರಿ ಮಾಡಿದರು ಅನ್ನಿಸುತ್ತದೆ?’ ಎಂದು ಸಂತ್ರಸ್ತರನ್ನು ಕೇಳಿ, ಉತ್ತರವನ್ನು ತಿದ್ದಬೇಡಿ.

ದುಭಾಷಿಯಾಗಿ ಮನೆಯವರನ್ನು, ಅದರಲ್ಲೂ ಮಕ್ಕಳನ್ನು ಕೂರಿಸಬೇಡಿ. ಅವರೆದುರು ಸಂತ್ರಸ್ತರು ಅರ್ಧ ಮಾತು ನುಂಗುತ್ತಾರೆ.

ಗೋಡೆಬರಹ ಅಳಿಸುವ ಮುನ್ನ ಫೋಟೊ ತೆಗೆಯಿರಿ. ಸಿಸಿಟಿವಿ ದೃಶ್ಯ ಅದೇ ದಿನ ಪಡೆಯಿರಿ. ಹಳೆಯದರ ಮೇಲೆ ಹೊಸದು ದಾಖಲಾಗುತ್ತಿರುತ್ತದೆ. ಜಾಲತಾಣದಲ್ಲಿ ಪೋಸ್ಟ್ ಇದ್ದರೆ ಸ್ಕ್ರೀನ್‌ಶಾಟ್ ಜೊತೆ ಲಿಂಕ್, ಖಾತೆಯ ಹೆಸರು, ಸಮಯ ಸೇರಿಸಿ. ಹಣ ದೋಚಿದ ಮಾತ್ರಕ್ಕೆ ದ್ವೇಷವಿಲ್ಲವೆಂದು ತೀರ್ಮಾನಿಸಬೇಡಿ. ಎರಡೂ ಒಟ್ಟಿಗೇ ಇರಬಹುದು. ಅದೇ ಜಾಗದ ಹಳೆಯ ಸಣ್ಣಪುಟ್ಟ ದೂರುಗಳನ್ನೂ ತೆಗೆದು ನೋಡಿ.