ಬಿಪಿ ಮೆಷಿನ್ ಕೆಟ್ಟಿರಲಿಲ್ಲ, ಎರಡೂ ಕೈ ನೋಡಬೇಕಿತ್ತು

ಒಗೆದ ಬೆಡ್‌ಶೀಟ್ ತಂತಿಗೆ ಹಾಕುವಾಗ ಎಡಗೈ ಸೋಲುತ್ತಿತ್ತು. ಕೈ ಮೇಲೆತ್ತಿ ಎರಡು ಕ್ಲಿಪ್ ಸಿಕ್ಕಿಸುವಷ್ಟರಲ್ಲಿ ತೋಳೆಲ್ಲ ಭಾರ. ಇಳಿಸಿದರೆ ಎರಡು ನಿಮಿಷದಲ್ಲಿ ಸರಿ. ಆಗ ನನಗೆ 27. ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ದಿನವೆಲ್ಲ ಮೆಷಿನ್ ತುಳಿದರೆ ಇನ್ನೇನಾಗುತ್ತೆ ಅಂದರು ಎಲ್ಲರೂ. ಜೊತೆಗೆ ಸುಸ್ತು, ಸಂಜೆ ಸಣ್ಣ ಜ್ವರ, ತೂಕವೂ ಇಳಿದಿತ್ತು. ರಕ್ತ ಕಡಿಮೆ ಅಂತ ಟಾನಿಕ್ ಬರೆದುಕೊಟ್ಟರು.

ಒಂದು ಕ್ಲಿನಿಕ್‌ನಲ್ಲಿ ನರ್ಸ್ ಎಡಗೈಗೆ ಪಟ್ಟಿ ಸುತ್ತಿ ಮೂರು ಸಲ ಗಾಳಿ ತುಂಬಿದರು. ಬಿಪಿ ಸಿಗಲಿಲ್ಲ. ‘ಮೆಷಿನ್ ಯಾಕೋ ಸರಿ ಇಲ್ಲ’ ಅಂತ ಚೀಟಿಯಲ್ಲಿ ಆ ಜಾಗ ಖಾಲಿ ಬಿಟ್ಟರು. ಆರು ತಿಂಗಳಾದ ಮೇಲೆ ಇನ್ನೊಬ್ಬ ಡಾಕ್ಟರ್ ಎರಡೂ ಮಣಿಕಟ್ಟು ಒಟ್ಟಿಗೆ ಹಿಡಿದು ನೋಡಿದರು. ಎಡಗಡೆ ನಾಡಿ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಬಿಪಿ ಬಲಗೈಯಲ್ಲಿ 148, ಎಡಗೈಯಲ್ಲಿ 90.

ಕಾಯಿಲೆಯ ಹೆಸರು ಟಕಾಯಾಸು ಆರ್ಟೆರೈಟಿಸ್. ರಕ್ತನಾಳಗಳ ಉರಿಯೂತಕ್ಕೆ ವ್ಯಾಸ್ಕುಲೈಟಿಸ್ ಅಂತಾರಲ್ಲ, ಅದರಲ್ಲಿ ಇದೊಂದು ಬಗೆ. ಹೃದಯದಿಂದ ಹೊರಡುವ ದೊಡ್ಡ ನಾಳ ಮತ್ತು ಅದರ ಕವಲುಗಳ ಗೋಡೆ ಊದಿ, ದಪ್ಪಗಾಗಿ, ಒಳದಾರಿ ಕಿರಿದಾಗುತ್ತೆ. 1908ರಲ್ಲಿ ಇದರ ಬಗ್ಗೆ ಬರೆದವರು ಜಪಾನಿನ ಮಿಕಿಟೊ ಟಕಾಯಾಸು. ಅವರು ಕಣ್ಣಿನ ಡಾಕ್ಟರ್! ಒಬ್ಬ ಯುವತಿಯ ಕಣ್ಣಿನೊಳಗಿನ ನಾಳಗಳು ವಿಚಿತ್ರವಾಗಿ ಹೆಣೆದುಕೊಂಡಿದ್ದನ್ನು ಕಂಡಿದ್ದರು. ಬರುವುದು ಜಾಸ್ತಿ ಹೆಂಗಸರಿಗೆ, ಅದೂ 40 ದಾಟುವ ಮೊದಲೇ.

ಹಾಗಾಗಿ ಮೊದಲ ಕೆಲಸ, ಎರಡೂ ಕೈಯಲ್ಲಿ ಬಿಪಿ ನೋಡಿಸಿ. ಐದು ನಿಮಿಷ ಸುಮ್ನೆ ಕೂತಮೇಲೆ ನೋಡಬೇಕು. ಮೇಲಿನ ಸಂಖ್ಯೆಯಲ್ಲಿ 20ರಷ್ಟು ವ್ಯತ್ಯಾಸ ಪದೇಪದೇ ಬಂದರೆ ಬಿಡಬೇಡಿ. ಚಿಕ್ಕ ವಯಸ್ಸಿಗೇ ಬಿಪಿ ಏರಿದ್ದರೂ ಅಷ್ಟೇ. ಕಿಡ್ನಿಗೆ ಹೋಗುವ ನಾಳ ಕಿರಿದಾದರೆ ಹಾಗಾಗುತ್ತೆ.

ತೋರಿಸಬೇಕಾದ್ದು ರುಮಟಾಲಜಿಸ್ಟ್‌ಗೆ. ಕೀಲುನೋವಿನ ಡಾಕ್ಟರ್ ಹತ್ರ ನನಗೇನು ಕೆಲಸ ಅಂತ ನಾನೂ ಕೇಳಿದ್ದೆ. ಇಂಥ ಉರಿಯೂತದ ಕಾಯಿಲೆಗಳನ್ನೆಲ್ಲ ನೋಡುವವರು ಅವರೇ. ಇದನ್ನು ಹಿಡಿದುಕೊಡುವ ಒಂದೇ ರಕ್ತಪರೀಕ್ಷೆ ಅಂತ ಇಲ್ಲ. ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳು ನಾರ್ಮಲ್ ಬಂದರೂ ಒಳಗೆ ಕಾಯಿಲೆ ಕೆಲಸ ಮಾಡುತ್ತಿರಬಹುದು. ನಿಜ ಗೊತ್ತಾಗುವುದು ರಕ್ತನಾಳಗಳ ಚಿತ್ರ ತೆಗೆಯುವ ಸ್ಕ್ಯಾನ್‌ನಲ್ಲಿ, ಅಂದರೆ ಸಿಟಿ ಅಥವಾ ಎಂಆರ್ ಆಂಜಿಯೋಗ್ರಾಮ್‌ನಲ್ಲಿ. ನನ್ನ ಎಡತೋಳಿನ ನಾಳ ಸ್ಕ್ರೀನ್ ಮೇಲೆ ಸೂಜಿಗೆ ಪೋಣಿಸುವ ದಾರದಷ್ಟು ಸಣ್ಣಗೆ ಕಂಡಿತು. ಔಷಧಿಗೆ ಮೊದಲು ಟಿಬಿ ಪರೀಕ್ಷೆ ಮಾಡಿಸಿದರು. ಸ್ಟೀರಾಯ್ಡ್ ಕೊಟ್ಟರೆ ಅಡಗಿರುವ ಟಿಬಿ ಏಳಬಹುದು, ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ.

ನನಗೆ ಶುರು ಮಾಡಿದ್ದು ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್. ಆಮೇಲೆ ತಿಂಗಳುಗಟ್ಟಲೆ ಮೆಲ್ಲಗೆ ಇಳಿಸಿದರು. ನಿಮ್ಮ ಡೋಸ್ ನಿಮ್ಮ ಡಾಕ್ಟರ್ ಹೇಳಬೇಕು. ಆದರೆ ಯಾರಿಗೇ ಆಗಲಿ, ಇದನ್ನು ದಿಢೀರ್ ಅಂತ ನಿಲ್ಲಿಸುವುದು ಅಪಾಯ. ಮೈ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್ ಅಷ್ಟರಲ್ಲಿ ಮಲಗಿರುತ್ತೆ. ನನ್ನ ಮುಖ ಪೂರಿ ಥರ ಊದಿತು. ಪಕ್ಕದ ಮನೆ ಆಂಟಿ ‘ಈಗ ಮೈಕೈ ತುಂಬ್ಕೊಂಡಿದ್ದೀಯ ನೋಡು’ ಅಂತ ಖುಷಿಪಟ್ಟರು. ಏನು ಹೇಳೋದು!

ಸ್ಟೀರಾಯ್ಡ್ ಇಳಿಸಿದಾಗ ಕಾಯಿಲೆ ತಿರುಗಿ ಏಳದ ಹಾಗೆ ಮೆಥೋಟ್ರೆಕ್ಸೇಟ್ ಕೊಟ್ಟರು. ಇಲ್ಲಿ ಹುಷಾರು. ಇದು ದಿನಾ ನುಂಗುವ ಮಾತ್ರೆ ಅಲ್ಲ, ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಕುತ್ತು. ನನ್ನದು ಭಾನುವಾರ. ನುಂಗಿದ ತಕ್ಷಣ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಗೀಟು ಎಳೆಯುತ್ತೇನೆ. ಡಾಕ್ಟರ್ ಹೇಳಿದಾಗೆಲ್ಲ ರಕ್ತ ಕೊಟ್ಟು ಲಿವರ್ ನೋಡಿಸಬೇಕು. ಮಗು ಬೇಕು ಅನ್ನುವವರು ಮೊದಲೇ ಬಾಯಿಬಿಟ್ಟು ಹೇಳಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ, ಡಾಕ್ಟರ್ ಮುಂಚೆಯೇ ಬದಲಿಸಿ ಬೇರೆ ಕೊಡುತ್ತಾರೆ. ಕಾಯಿಲೆ ಮೆಥೋಟ್ರೆಕ್ಸೇಟ್‌ಗೂ ಬಗ್ಗದಿದ್ದರೆ ಟೊಸಿಲಿಜುಮಾಬ್‌ನಂಥ ಇಂಜೆಕ್ಷನ್‌ಗಳಿವೆ, ಬೆಲೆ ಮಾತ್ರ ಕೈಸುಡುತ್ತೆ.

‘ಸ್ಟೆಂಟ್ ಹಾಕಿಸಿಬಿಡಿ’ ಅನ್ನುವ ನೆಂಟರು ಇದ್ದೇ ಇರುತ್ತಾರೆ. ತುರ್ತು ಇಲ್ಲದಿದ್ದರೆ ಮೊದಲು ಉರಿಯೂತ ತಣ್ಣಗಾಗಬೇಕು. ಊದಿರುವ ನಾಳಕ್ಕೆ ಹಾಕಿದರೆ ಮತ್ತೆ ಕಟ್ಟಿಕೊಳ್ಳುವುದು ಜಾಸ್ತಿ. ನಾನಂತೂ ಸ್ಟೆಂಟ್ ಇಲ್ಲದೇ ಇದ್ದೇನೆ. ಬಟ್ಟೆ ತಂತಿಯನ್ನು ಒಂದು ಮೊಳ ಕೆಳಗೆ ಕಟ್ಟಿಸಿಕೊಂಡೆ, ಅಷ್ಟೇ.

ಮಾತು ತೊದಲಿದರೆ, ಕಣ್ಣು ಕತ್ತಲಾದರೆ, ಒಂದು ಕಡೆ ಕೈಕಾಲು ಬಿದ್ದಂತಾದರೆ, ಎದೆನೋವು ಬಂದರೆ ಮುಂದಿನ ಚೆಕಪ್‌ವರೆಗೆ ಕಾಯಬೇಡಿ. ಆಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ.

ಪರ್ಸ್‌ನಲ್ಲಿ ಒಂದು ಚೀಟಿಯೂ ಇರಲಿ. ನನ್ನದರಲ್ಲಿ ಕಾಯಿಲೆ ಹೆಸರು, ಮಾತ್ರೆಗಳು, ಆಮೇಲೆ ದಪ್ಪ ಅಕ್ಷರದಲ್ಲಿ ‘ಬಿಪಿ ಬಲಗೈಯಲ್ಲೇ ನೋಡಿ’ ಅಂತ ಇದೆ. ನಾಳ ಕಿರಿದಾದ ಕೈಯಲ್ಲಿ ನೋಡಿದರೆ ಇರುವ ಬಿಪಿಗಿಂತ ಕಡಿಮೆ ತೋರಿಸುತ್ತೆ, ಏರಿದ ಬಿಪಿ ಯಾರ ಕಣ್ಣಿಗೂ ಬೀಳಲ್ಲ. ಎರಡೂ ಕೈ ನಾಳ ಕಟ್ಟಿಕೊಂಡವರಿಗೆ ತೊಡೆಗೆ ದೊಡ್ಡ ಪಟ್ಟಿ ಸುತ್ತಿ ನೋಡುತ್ತಾರೆ, ಅದನ್ನೂ ಚೀಟಿಯಲ್ಲೇ ಬರೆಸಿಕೊಳ್ಳಿ.