ಕಸ ಸುಟ್ಟ ಬೂದಿಯಲ್ಲಿ ರಸ್ತೆ: ನನ್ನ ಅನುಭವ

ನಾವು ಬೂದಿ ಹಾಕಿ ಮಾಡಿದ ಮೊದಲ ತುಂಡು ರಸ್ತೆ ಒಂದೇ ಮಳೆಗಾಲಕ್ಕೆ ಕೆಟ್ಟಿತು. ಕುಸಿದಿದ್ದರೆ ರೋಲರ್ ಸರಿಯಾಗಿ ಓಡಿಸಿಲ್ಲ ಅಂದುಕೊಳ್ಳುತ್ತಿದ್ದೆ. ಆದರೆ ಅದು ಉಬ್ಬಿತ್ತು. ಅಲ್ಲಲ್ಲಿ ಪೂರಿ ಎದ್ದ ಹಾಗೆ.

ನಾನು ಕಸ ಸುಟ್ಟು ಕರೆಂಟ್ ತೆಗೆಯುವ ಘಟಕವೊಂದರಲ್ಲಿ ಸಿವಿಲ್ ಕೆಲಸ ನೋಡಿಕೊಳ್ಳುತ್ತೇನೆ. 100 ಕೆಜಿ ಕಸ ಸುಟ್ಟರೆ ಒಲೆಯ ತಳದಲ್ಲಿ 20ರಿಂದ 25 ಕೆಜಿ ಬೂದಿ ಉಳಿಯುತ್ತದೆ. ಕಸದ ಜೊತೆ ಬೀದಿ ಗುಡಿಸಿದ ಮಣ್ಣು ಬಂದರೆ ಇನ್ನೂ ಜಾಸ್ತಿ. ಅದನ್ನು ಸುಮ್ನೆ ಗುಂಡಿಗೆ ಸುರಿಯುವ ಬದಲು, ಆವರಣದೊಳಗಿನ ಟಿಪ್ಪರ್ ರಸ್ತೆಗೆ ಜಲ್ಲಿಯ ಬದಲು ಹಾಕಿ ನೋಡೋಣ ಅಂತ ಹೊರಟೆವು. ಡೆನ್ಮಾರ್ಕ್, ನೆದರ್‌ಲ್ಯಾಂಡ್ಸ್‌ಗಳಲ್ಲಿ ಇದು ದಶಕಗಳಿಂದ ನಡೆದಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳುತ್ತಿರುವುದು ತಳದ ಬೂದಿಯ ಬಗ್ಗೆ ಮಾತ್ರ. ಹೊಗೆ ಸೋಸುವ ಬ್ಯಾಗ್ ಫಿಲ್ಟರ್‌ನಲ್ಲಿ ಸಿಗುವ ನುಣುಪು ಬೂದಿಯಲ್ಲಿ ಸೀಸ, ಕ್ಯಾಡ್ಮಿಯಂ, ಉಪ್ಪಿನಂಶ ಎಲ್ಲ ತುಂಬಿರುತ್ತದೆ. ಅದು ಅಪಾಯಕಾರಿ ತ್ಯಾಜ್ಯ. ಅದರ ಒಂದು ಬುಟ್ಟಿಯೂ ಇದಕ್ಕೆ ಸೇರಬಾರದು.

ತಳದ ಬೂದಿ ಅಂದರೆ ಅಡುಗೆ ಒಲೆಯ ಬೂದಿಯ ಥರ ಮೆತ್ತಗಿರುವುದಿಲ್ಲ. ಕೈಯಲ್ಲಿ ಹಿಡಿದರೆ ದಪ್ಪ ಮರಳು, ನಡುವೆ ಕರಗಿ ಗಟ್ಟಿಯಾದ ಗಾಜು, ಮಡಕೆ ಚೂರು, ಮೊಳೆ, ಬೀಗದ ಕೈ, ಒಮ್ಮೊಮ್ಮೆ ಅರ್ಧ ಸುಟ್ಟ ತೆಂಗಿನ ಚಿಪ್ಪು. ಕಬ್ಬಿಣವನ್ನು ಮ್ಯಾಗ್ನೆಟ್ ಎತ್ತಿಕೊಳ್ಳುತ್ತದೆ. ನಮ್ಮನ್ನು ಕೆಡಿಸಿದ್ದು ಅಲ್ಯೂಮಿನಿಯಂ. ಮಾತ್ರೆ ಪಟ್ಟಿ, ಡಬ್ಬಿ, ಫಾಯಿಲ್ ಎಲ್ಲ ಕರಗಿ ಸಣ್ಣ ಸಣ್ಣ ಹನಿಗಳಾಗಿ ಬೂದಿಯೊಳಗೆ ಕೂತಿರುತ್ತವೆ.

ಗಟ್ಟಿ ಬರಲಿ ಅಂತ ನಾವು ಮೊದಲ ಸಲ ಆಗಷ್ಟೇ ತೆಗೆದ ಬೂದಿಗೆ ಸಿಮೆಂಟ್ ಸೇರಿಸಿದ್ದೆವು. ಸಿಮೆಂಟಿನ ಕ್ಷಾರ, ನೀರು, ಅಲ್ಯೂಮಿನಿಯಂ ಮೂರೂ ಸೇರಿದರೆ ಹೈಡ್ರೋಜನ್ ಏಳುತ್ತದೆ. ಆಮೇಲೆ ಒಂದು ಗಾಜಿನ ಬಾಟಲಿಯಲ್ಲಿ ಅದೇ ಬೂದಿಗೆ ಸುಣ್ಣದ ತಿಳಿ ಹಾಕಿ ಬಾಯಿಗೆ ಬಲೂನ್ ಕಟ್ಟಿದೆ. ಬೂದಿಯಿಂದ ಸಾಲಾಗಿ ಗುಳ್ಳೆ ಎದ್ದವು. ಮಾರನೇ ದಿನ ಬಲೂನ್ ನೆಟ್ಟಗೆ ನಿಂತಿತ್ತು! ರಸ್ತೆ ಯಾಕೆ ಉಬ್ಬಿತು ಅಂತ ಆಗ ಗೊತ್ತಾಯಿತು. ಈಗ ಪ್ರತಿ ರಾಶಿಗೂ ಈ ಪರೀಕ್ಷೆ ಮಾಡಿಯೇ ಮುಂದಿನ ಕೆಲಸ.

ಎರಡನೇ ಸಲ ಸಿಮೆಂಟ್ ಬಿಟ್ಟೆವು, ಬೂದಿಗೆ ಟೈಮ್ ಕೊಟ್ಟೆವು. ಜರಡಿ ಹಿಡಿದು, ಕಬ್ಬಿಣ, ಅಲ್ಯೂಮಿನಿಯಂ ಆದಷ್ಟು ತೆಗೆದು, ಕಾಂಕ್ರೀಟ್ ನೆಲದ ಮೇಲೆ ಮೂರು ತಿಂಗಳು ರಾಶಿ ಹಾಕಿದೆವು. ತೇವ ಆರದಂತೆ ನೀರು ಚಿಮುಕಿಸುವುದು, ಆಗಾಗ ಜೆಸಿಬಿಯಲ್ಲಿ ಮಗುಚುವುದು, ಅಷ್ಟೇ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬೂದಿಯ ಕ್ಷಾರ ಇಳಿಯುತ್ತದೆ. ಹೊಸದಾಗಿದ್ದಾಗ ಪಿಎಚ್ (ಕ್ಷಾರದ ಅಳತೆ) 12ರ ಹತ್ತಿರ ಇದ್ದದ್ದು 9ರ ಆಸುಪಾಸಿಗೆ ಬಂತು. ಸೀಸ ನೀರಿಗೆ ಬಿಡುವುದೂ ಇದರಿಂದ ಕಡಿಮೆಯಾಗುತ್ತದೆ. ಬೂದಿಯಿಂದ ನೀರಿಗೆ ಏನೇನು ಇಳಿಯುತ್ತದೆ ಅಂತ ನೋಡುವ ಲೀಚಿಂಗ್ ಟೆಸ್ಟ್ ರಿಪೋರ್ಟ್ ಕೈಗೆ ಬರುವವರೆಗೆ ಒಂದು ಟಿಪ್ಪರ್ ಕೂಡ ಅಲುಗಾಡಲು ಬಿಡಲಿಲ್ಲ.

ಹಾಸುವಾಗ ಕಲಿತದ್ದು ನೀರಿನ ಲೆಕ್ಕ. ಈ ಬೂದಿಯಲ್ಲಿ ಸಣ್ಣ ಸಣ್ಣ ತೂತು ಜಾಸ್ತಿ, ನೀರು ಕುಡಿಯುತ್ತದೆ. ಜಲ್ಲಿ ಮಿಶ್ರಣದ ಅಂದಾಜಿನಲ್ಲಿ ನೀರು ಹಾಕಿದರೆ ರೋಲರ್ ಅಡಿ ಪುಡಿಪುಡಿಯಾಗಿ ಜಾರುತ್ತದೆ. ನಮ್ಮ ಲ್ಯಾಬಿನಲ್ಲಿ ಹದ ಸಿಕ್ಕಿದ್ದು 15 ಪರ್ಸೆಂಟ್ ಸುತ್ತ. ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು, ಅಂಗೈಗೆ ನೀರು ಹತ್ತಬಾರದು. 15 ಸೆಂಟಿಮೀಟರ್ ಪದರ, ವೈಬ್ರೇಷನ್ ಕಡಿಮೆ ಇಟ್ಟು ಹೆಚ್ಚು ಸುತ್ತು. ಜೋರಾಗಿ ಕುಟ್ಟಿದರೆ ಕಾಳು ಒಡೆಯುತ್ತದೆ. ಮೇಲೆ ಮಾಮೂಲಿ ಜಲ್ಲಿ, ಅದರ ಮೇಲೆ ಡಾಂಬರು. ಆ ಡಾಂಬರು ಮಳೆನೀರು ಬೂದಿಗೆ ಇಳಿಯದಂತೆ ತಡೆಯುವ ಮುಚ್ಚಳವೂ ಹೌದು. ಹಾಗಾಗಿ ಬಿರುಕು ಕಂಡ ದಿನವೇ ಮುಚ್ಚುತ್ತೇವೆ.

ಈ 80 ಮೀಟರ್ ರಸ್ತೆ ಎರಡು ಮಳೆಗಾಲ ಕಂಡಿದೆ, ಉಬ್ಬಿಲ್ಲ. ದೊಡ್ಡ ಮಳೆ ಬಂದಾಗಲೆಲ್ಲ ಪಕ್ಕದ ಚರಂಡಿಯಿಂದ ಎರಡು ಬಾಟಲಿ ನೀರು ತುಂಬಿ ಲ್ಯಾಬಿಗೆ ಕಳಿಸುತ್ತೇನೆ. ಲೋಹದ ಅಂಶ ಮಿತಿಯೊಳಗಿದೆ. ಕ್ಲೋರೈಡ್, ಅಂದರೆ ಉಪ್ಪಿನಂಶ, ಮಾತ್ರ ಈಗಲೂ ಸ್ವಲ್ಪ ಜಾಸ್ತಿ ಬರುತ್ತಿದೆ. ರಸ್ತೆಯನ್ನು ಹಿಂಬದಿ ಗೇಟಿನವರೆಗೆ ಇದೇ ಬೂದಿಯಲ್ಲಿ ಮುಂದುವರಿಸೋಣ ಅಂತ ಎಲ್ಲರೂ ಕೇಳುತ್ತಿದ್ದಾರೆ. ಆ ಕಡೆ ಹಳ್ಳಿಯವರ ಬೋರ್‌ವೆಲ್ ಇದೆ. ಅಲ್ಲಿಗೆ ಜಲ್ಲಿಯನ್ನೇ ಬರೆದು ಕಳಿಸಿದ್ದೇನೆ.